ಬೀದಿಯ ಹೆಸರು, ಬಾಯಲ್ಲಿ ಉಳಿಯುವ ಹೆಸರು



ಬೀದಿಗೆ ಹೆಸರಿಡುವ ಕಾರ್ಯ ಠರಾವಿನೊಡನೆ ಮುಗಿಯುವುದಿಲ್ಲ. ಬೆಂಗಳೂರಿನ ಚಾಮರಾಜಪೇಟೆಯೇ ಇದಕ್ಕೆ ಸಾಕ್ಷಿ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ರೂಪುಗೊಂಡ ಈ ಬಡಾವಣೆಯ ಪ್ರಮುಖ ರಸ್ತೆಯೊಂದಕ್ಕೆ ಹಿಂದೆ ಆಲ್ಬರ್ಟ್ ವಿಕ್ಟರ್ ರಸ್ತೆ ಎಂಬ ಹೆಸರಿತ್ತು. ಆತ ವಿಕ್ಟೋರಿಯಾ ರಾಣಿಯ ಮೊಮ್ಮಗ. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲನ್ನಿಟ್ಟವನು. ಮುಂದೆ ಅದೇ ರಸ್ತೆಗೆ, ಕರ್ನಾಟಕದ ಏಕೀಕರಣಕ್ಕಾಗಿ ಬಾಳನ್ನೇ ಸವೆಸಿದ ಆಲೂರು ವೆಂಕಟರಾಯರ ಹೆಸರನ್ನಿಡಲಾಯಿತು. ಆಯ್ಕೆ ಉಚಿತವೇ. ಆದರೆ ಎರಡು ಹೆಸರುಗಳಿಗೂ ಇಂಗ್ಲಿಷಿನ ಮೊದಲಕ್ಷರಗಳು ಒಂದೇ. ಹೀಗಾಗಿ ಜನರ ಬಾಯಲ್ಲಿ ಅದು ಎ.ವಿ. ರಸ್ತೆಯಾಗಿಯೇ ಉಳಿಯಿತು. ರಾಜಕುಮಾರ ತೆರಳಿ ಕನ್ನಡದ ಕುಲಪುರೋಹಿತರು ಬಂದದ್ದು ಆಟೋ ಹತ್ತುವವರಿಗೆ ತಿಳಿಯುವುದಾದರೂ ಹೇಗೆ?

ಬಸವನಗುಡಿಯ ಡಿ.ವಿ.ಜಿ. ರಸ್ತೆಯ ಮಾತು ಬೇರೆ. ಆ ಮೂರಕ್ಷರಗಳೇ ಆ ಮಹನೀಯರ ಹೆಸರಾಗಿ ನಾಡಿನಲ್ಲಿ ನೆಲೆಸಿವೆ. ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನಂತೂ ಯಾರೂ ಮೊಟಕುಗೊಳಿಸಿಲ್ಲ. ಗಿಡಮರಗಳ ಹೆಸರು ನಾಲಿಗೆಗೆ ಭಾರವಲ್ಲವೆಂದು ತೋರುತ್ತದೆ.

ಗ್ರಾಮ ಪಂಚಾಯಿತಿಗಳು ಹೊಸ ಹೆಸರನ್ನು ನಿರ್ಣಯಿಸುವ ಮುನ್ನ ಆ ಬೀದಿಯ ನಿವಾಸಿಗಳನ್ನು ಕೇಳಬೇಕು. ಫಲಕದಲ್ಲಿ ಹೆಸರನ್ನು ಪೂರ್ಣವಾಗಿ ಬರೆಯಿಸಿ, ಅದರಡಿ ಚಿಕ್ಕ ಅಕ್ಷರಗಳಲ್ಲಿ ಹಳೆಯ ಹೆಸರನ್ನೂ ಉಳಿಸಬೇಕು. ಆಸ್ತಿ ವಹಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿರಬೇಕು. ಹಳೆಯ ಕ್ರಯಪತ್ರವನ್ನು ಹಿಡಿದು ಬಂದ ವೃದ್ಧೆಯೊಬ್ಬಳು, ತನ್ನ ಮನೆ ಇರುವ ಬೀದಿ ಇದೇ ಎಂದು ಕಚೇರಿಯ ಮುಂದೆ ಸಾಬೀತುಪಡಿಸುವ ಸ್ಥಿತಿ ಬರಕೂಡದು.