ಧಾರವಾಡಕ್ಕೊಂದು ಕಾರ್ಡು ಹಾಕಿರಿ!

ದಿಗ್ಗೇವಾಡಿಯ ಕನ್ನಡ ಬಂಧುಗಳೇ,

ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮತ್ತೆ ಕೇಳಿ ಹಿಗ್ಗುವ ಹಿರಿಯರು ನಿಮ್ಮಲ್ಲೂ ಇದ್ದೀರಿ. ಹಿಗ್ಗಿರಿ, ತಪ್ಪೇನಿಲ್ಲ! 1952ರಲ್ಲಿ ಮಂತ್ರಿ ಕೇಸ್ಕರ್ ಕಾಲದ ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿತು. ಅದೇ ವರ್ಷ ರೇಡಿಯೊ ಸಿಲೋನ್ ಈ ಕಾರ್ಯಕ್ರಮ ತೆರೆಯಿತು. ಬುಧವಾರ ರಾತ್ರಿ ಎಂಟಾದರೆ ದೇಶದ ಕಿವಿಯೆಲ್ಲ ಕೊಲಂಬೊ ಕಡೆಗೆ! ಕೊನೆಗೆ 1957ರಲ್ಲಿ ಸರಕಾರವೇ ವಿವಿಧ ಭಾರತಿ ತರಬೇಕಾಯಿತು. ಮಣಿಸಿದವರು ಯಾರು? ಕೇಳುಗರು!

ಯಾವ ಹಾಡು ಯಾವ ಪಾವಟಿಗೆ ಏರಬೇಕೆಂದು ಹೇಳಿದ್ದೂ ಅವರೇ. ರೆಕಾರ್ಡು ಅಂಗಡಿಯ ಮಾರಾಟದ ಜೊತೆಗೆ ಊರೂರ ಶ್ರೋತೃ ಸಂಘಗಳ ಕಾಗದವೂ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಅದು ಹಿಂದಿ ಹಾಡಿನ ಪಾವಟಿಗೆ. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ.

ಸಯಾನಿ 2024ರಲ್ಲಿ ತೀರಿಕೊಂಡರು. ದನಿಯನ್ನು ಕಾಪಿಟ್ಟಿದ್ದರು, ಸಾರೆಗಾಮಾ ಕಂಪನಿ ‘ಕಾರವಾನ್’ ಪೆಟ್ಟಿಗೆಯಲ್ಲಿ ತುಂಬಿ ಮಾರಿತು. ನಮ್ಮ ಹಳೆಯ ಕನ್ನಡ ಕಾರ್ಯಕ್ರಮಗಳನ್ನು ಕೇಳುವವರು ಯಾರು? ನಿಮಗೆ ಸಾಂಗಲಿ ಹತ್ತಿರ, ಧಾರವಾಡ ದೂರ, ನಿಜ. ಆದರೂ 1950ರಿಂದ ಕನ್ನಡ ನುಡಿಯುತ್ತಿರುವ ನಿಲಯವದು. ಮನೆಗೊಂದು ಕಾರ್ಡು ಬರೆಯಿರಿ. ಯಾವ ಹಾಡು, ಯಾವ ನಾಟಕ ಮರುಪ್ರಸಾರವಾಗಬೇಕು, ಹೆಸರು ಹಿಡಿದು ಕೇಳಿರಿ. ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿರಿ: ದಿಗ್ಗೇವಾಡಿ, ರಾಯಬಾಗ ತಾಲೂಕು, ಬೆಳಗಾವಿ ಜಿಲ್ಲೆ, ಕರ್ನಾಟಕ.