ಅಜ್ಜನ ಕ್ರಾಪು, ದೊಡ್ಡಜ್ಜಿಯ ಸೆರಗು
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ವೇದಿಕೆಯ ಅಧ್ಯಕ್ಷರೆ, ಅಹಮದಾಬಾದ್ ಮತ್ತು ಸೂರತ್‌ನಿಂದ ಬೆಳಗಿನ ರೈಲು ಹಿಡಿದು ವಡೋದರಾಕ್ಕೆ ಬಂದಿರುವ ಅಕ್ಕ-ತಂಗಿಯರೆ, ಹಿಂದಿನ ಸಾಲಿನಲ್ಲಿ ಕಾಫಿಗಾಗಿ ಕಾಯುತ್ತಿರುವ ಗಂಡಸರೆ,

ಗಂಡಸರ ಕೇಶವಿನ್ಯಾಸದ ಬಗ್ಗೆ ಮಾತಾಡಬೇಕು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಗು ಬಂತು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಇದ್ದವರ ಬಗ್ಗೆ ಮಾತಾಡು, ನನ್ನನ್ನು ಬಿಟ್ಟುಬಿಡು" ಎಂದರು. ಅವರ ತಲೆ ನೋಡಿದವರಿಗೆ ಕಾರಣ ಗೊತ್ತಾಗುತ್ತದೆ.

ಆದರೆ ಯೋಚಿಸುತ್ತ ಕೂತಾಗ, ಇದು ನಗುವ ವಿಷಯ ಮಾತ್ರವಲ್ಲ ಅನ್ನಿಸಿತು. ನಮ್ಮ ಮಾತಿನಲ್ಲೇ ನೋಡಿ. ಇನ್ನೊಬ್ಬರ ಹಿಡಿತಕ್ಕೆ ಸಿಕ್ಕರೆ "ಜುಟ್ಟು ಅವರ ಕೈಗೆ ಕೊಟ್ಟ" ಎನ್ನುತ್ತೇವೆ. ಮೋಸ ಹೋದರೆ "ತಲೆ ಬೋಳಿಸಿದರು" ಎನ್ನುತ್ತೇವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಕೂದಲು ಎಂದರೆ ಮಾನ, ಅಧಿಕಾರ, ಶೋಕಿ, ಎಲ್ಲವೂ ಹೌದು.

ನನ್ನ ತವರು ಧಾರವಾಡದ ಕಡೆ. ನಮ್ಮ ಅಜ್ಜನಿಗೆ ಚಿಕ್ಕಂದಿನಲ್ಲಿ ಉದ್ದನೆಯ ಶೆಂಡಿ ಇತ್ತಂತೆ. ಹುಬ್ಬಳ್ಳಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ್ದೇ ಶೆಂಡಿ ತೆಗೆಸಿ ಕ್ರಾಪು ಬಿಟ್ಟರು. ಊರಿನಲ್ಲಿ ಒಂದು ವಾರ ಗುಲ್ಲಾಯಿತು, ಮುತ್ತಜ್ಜ ಮಾತು ಬಿಟ್ಟರು. ಮೊದಲ ಸಂಬಳ ಬಂದ ಮೇಲೆ ಎಲ್ಲ ಸರಿಹೋಯಿತು. ಅಜ್ಜ ಈ ಕಥೆಯನ್ನು ನಗುತ್ತ ಹೇಳುತ್ತಿದ್ದರು.

ಅದೇ ಮನೆಯಲ್ಲಿ ಅಜ್ಜನ ಅಕ್ಕ ಇದ್ದರು. ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಹದಿನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡೇ ಇರುತ್ತಿದ್ದರು. ತಿಂಗಳಿಗೊಮ್ಮೆ ಕ್ಷೌರದವರು ಹಿತ್ತಲಿಗೆ ಬರುತ್ತಿದ್ದರು. ಆಗ ನಮ್ಮನ್ನು ಅಂಗಳಕ್ಕೆ ಆಡಲು ಕಳಿಸುತ್ತಿದ್ದರು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದಾಗ, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದಾಗ, ನನಗೆ ಕಂಡದ್ದು ನಮ್ಮ ಹಿತ್ತಲೇ.

ತಂದೆ ತೀರಿಕೊಂಡರೆ ಮಗನೂ ತಲೆ ಬೋಳಿಸಿಕೊಳ್ಳುತ್ತಾನೆ, ನಿಜ. ಇಲ್ಲಿ ಗುಜರಾತಿನಲ್ಲೂ ಆ ಪದ್ಧತಿ ಇದೆ. ಆದರೆ ನಾಲ್ಕು ತಿಂಗಳಿಗೆ ಅವನ ಕೂದಲು ಮತ್ತೆ ಬರುತ್ತದೆ. ದೊಡ್ಡಜ್ಜಿಯ ಕೂದಲನ್ನು ಬರಲು ಬಿಡಲೇ ಇಲ್ಲ.

ಗಂಡಸರಿಗೂ ಈ ವಿಷಯದಲ್ಲಿ ಅಂಜಿಕೆ ಇಲ್ಲದಿರಲಿಲ್ಲ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ, ಅಲ್ಲಿನವರು ನಕ್ಕಾರು ಎಂಬ ಭಯದಿಂದ ಅವರು ಶಿಖೆ ತೆಗೆಸಿದರು. ದಕ್ಷಿಣ ಆಫ್ರಿಕಾದಲ್ಲಿ ಸಂಬಂಧಿ ಛಗನ್‌ಲಾಲರ ಶಿಖೆಯನ್ನೂ ತೆಗೆಸಿದರು. 1915ರಲ್ಲಿ, ಅಹಮದಾಬಾದಿನಲ್ಲಿ ಆಶ್ರಮ ಆರಂಭಿಸಿದ ವರ್ಷವೇ, ಋಷಿಕೇಶದಲ್ಲಿ ಒಬ್ಬ ಸ್ವಾಮಿಗಳು ಈ ಬಗ್ಗೆ ಕೇಳಿದರು. ಜನಿವಾರ ಬೇಡ, ಆದರೆ ಸುಳ್ಳು ನಾಚಿಕೆಯಿಂದ ಬಿಟ್ಟ ಶಿಖೆಯನ್ನು ಮತ್ತೆ ಬೆಳೆಸಬೇಕು ಎಂದು ಅವರಿಗೆ ಅನ್ನಿಸಿತು.

ಇನ್ನೊಂದು ಪ್ರಸಂಗ ಪ್ರಿಟೋರಿಯಾದ್ದು. ಅಲ್ಲಿನ ಇಂಗ್ಲಿಷ್ ಕ್ಷೌರಿಕ ಅವರ ಕೂದಲು ಮುಟ್ಟಲು ಒಪ್ಪಲಿಲ್ಲ. ಗಾಂಧೀಜಿ ತಾವೇ ಕತ್ತರಿಸುವ ಯಂತ್ರ ಕೊಂಡು, ಕನ್ನಡಿ ಮುಂದೆ ನಿಂತು ಕತ್ತರಿಸಿಕೊಂಡರು. ಮುಂದೆ ಹೇಗೋ ಆಯಿತು, ಹಿಂದೆ ಕೆಟ್ಟುಹೋಯಿತು. ಕೋರ್ಟಿನಲ್ಲಿ ಗೆಳೆಯರು ಬಿದ್ದು ಬಿದ್ದು ನಕ್ಕರು. ಆದರೆ ಗಾಂಧೀಜಿ ಆ ಕ್ಷೌರಿಕನನ್ನು ದೂರಲಿಲ್ಲ. ನಮ್ಮ ದೇಶದಲ್ಲಿ ಅಸ್ಪೃಶ್ಯರೆನ್ನಿಸಿಕೊಂಡವರ ಕೂದಲು ಕತ್ತರಿಸಲು ನಾವು ಕ್ಷೌರಿಕರನ್ನು ಬಿಡುತ್ತೇವೆಯೆ ಎಂದು ತಮ್ಮನ್ನೇ ಕೇಳಿಕೊಂಡರು.

ಅಂದ ಹಾಗೆ, 2020ರ ಲಾಕ್‌ಡೌನಿನಲ್ಲಿ ಗಂಡನ ಕೂದಲು ಕತ್ತರಿಸಿದವರು ಕೈ ಎತ್ತಿ. ನೋಡಿ, ಅರ್ಧ ಸಭೆ! ಆಗ ನಮ್ಮೆಲ್ಲರ ಗಂಡಂದಿರೂ ಪ್ರಿಟೋರಿಯಾದ ಗಾಂಧೀಜಿಯೇ. ನಮ್ಮ ಬೀದಿಯ ವಾಳಂದಭಾಯಿಯ ಕೈಚಳಕ ಏನೆಂದು ನನಗೆ ಗೊತ್ತಾದದ್ದೂ ಆಗಲೇ.

ನಾವಿರುವ ಈ ಮೂರು ಊರುಗಳಲ್ಲಿ ಕಣ್ಣಿಗೆ ಬೀಳುವ ತಲೆಗಳು ಎಷ್ಟು ಬಗೆ! ನಾವು ಜವಳ ಎನ್ನುವುದನ್ನು ಇಲ್ಲಿನವರು ಬಾಬರಿ ಎಂದು ಮಾಡಿಸುತ್ತಾರೆ. ಸೂರತ್‌ನಲ್ಲಿ ಹುಟ್ಟಿ ವಡೋದರಾದಲ್ಲಿ ಬೆಳೆದ ಹಾರ್ದಿಕ್ ಪಾಂಡ್ಯ ಬಣ್ಣ ಬದಲಿಸಿದರೆ ನಮ್ಮ ಸೊಸೈಟಿಯ ಹುಡುಗರ ತಲೆಯೂ ಬದಲಾಗುತ್ತದೆ. ಹಿಂದೆ 2003ರಲ್ಲಿ 'ತೇರೆ ನಾಮ್' ಬಂದಾಗಲೂ ಹೀಗೇ, ನಡುಬೈತಲೆ ತೆಗೆದು ಕಣ್ಣಿಗೆ ಕೂದಲು ಬಿಟ್ಟವರೇ ಎಲ್ಲ. ಇನ್ನೊಂದು ಕಡೆ ಜೈನ ಮುನಿಗಳು. ಅವರು ಕತ್ತರಿಯನ್ನೂ ಮುಟ್ಟದೆ, ಕೈಯಿಂದಲೇ ಕೂದಲು ಕಿತ್ತುಕೊಳ್ಳುತ್ತಾರೆ. ಕೇಶಲೋಚ ಎನ್ನುತ್ತಾರೆ. ಅಹಮದಾಬಾದಿನಲ್ಲಿದ್ದಾಗ ಅಂಥ ಒಬ್ಬ ಮುನಿಗಳಿಗೆ ಕೈಮುಗಿದಾಗ ದೊಡ್ಡಜ್ಜಿಯ ನೆನಪಾಗಿ ಕಣ್ಣು ತುಂಬಿತು. ಇಬ್ಬರ ತಲೆಯೂ ಒಂದೇ ಥರ. ಒಂದು ತಾವೇ ಹಿಡಿದ ವ್ರತ, ಇನ್ನೊಂದು ಬೇರೆಯವರು ಹೇರಿದ್ದು.

ಇಷ್ಟೆಲ್ಲ ತಿಳಿದವಳು ನಾನೇ ಏನು ಮಾಡಿದೆ, ಅದನ್ನೂ ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಗಳನ್ನು ನೋಡಲು ಒಂದು ಕನ್ನಡದ ಮನೆಯವರು ಬಂದರು. ಹುಡುಗನ ಕೂದಲು ಹೆಗಲವರೆಗೆ, ಹಿಂದೆ ಗಂಟು ಕಟ್ಟಿದ್ದ. ನಾನು ಉಪ್ಪಿಟ್ಟು ಹಾಕುವ ನೆಪದಲ್ಲಿ ಒಳಗೆ ಹೋಗಿ ಇವರಿಗೆ ಹೇಳಿದೆ: "ಇಂಥವನ ಕೈಗೆ ಮಗಳನ್ನು ಕೊಡೋದಾ? ನೋಡಿದ್ರೆ ಗೊತ್ತಾಗಲ್ವಾ, ಜವಾಬ್ದಾರಿ ಇಲ್ಲದವನು."

ಹಿಂದೆಯೇ ಮಗಳು ನಿಂತಿದ್ದಳು. ಮೆಲ್ಲಗೆ ಕೇಳಿದಳು: "ಅಮ್ಮಾ, ದೊಡ್ಡಜ್ಜಿ ತಲೆ ನೋಡಿ ಅವರು ಎಂಥವರು ಅಂತ ಹೇಳೋಕಾಗ್ತಿತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಡುಗೆಮನೆಯ ಗೋಡೆ ತೆಳು. ಹುಡುಗನ ಕಿವಿಗೆ ನನ್ನ ಮಾತು ಬಿತ್ತೋ ಏನೋ, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಹೊರಗೆ ಬಂದು ಕೂತು ಅವನ ಕೆಲಸ, ಓದು, ಇಷ್ಟಾನಿಷ್ಟ ಕೇಳಿದೆ. ಸಂಬಂಧ ಕೂಡಿಬರಲಿಲ್ಲ. ಅವನಿಗೆ ಕೆನಡಾ ಬೇಕಿತ್ತು, ಇವಳಿಗೆ ವಡೋದರಾ. ಅದನ್ನು ಅವರಿಬ್ಬರೇ ಕೂತು ತೀರ್ಮಾನಿಸಿದರು. ಕೂದಲು ಕಾರಣವಾಗಲಿಲ್ಲ, ಅಷ್ಟು ಸಮಾಧಾನ.

ಗಂಡಸರ ತಲೆ ನೋಡಿ ಕಾಲ ಹೇಳಬಹುದು, ಓಡುತ್ತಿರುವ ಸಿನಿಮಾ ಹೇಳಬಹುದು, ಆಫೀಸಿನ ಕಟ್ಟುನಿಟ್ಟು ಹೇಳಬಹುದು. ಗುಣ ಹೇಳಲಾಗದು. ಅಜ್ಜನಿಗೆ ಕ್ರಾಪು ಬಿಡುವ ಸ್ವಾತಂತ್ರ್ಯ ಇತ್ತು, ದೊಡ್ಡಜ್ಜಿಗೆ ಯಾವುದೂ ಇರಲಿಲ್ಲ. ಅವರ ಮೊಮ್ಮಕ್ಕಳಾದ ನಾವು ಇನ್ನೊಬ್ಬರ ಮಕ್ಕಳ ತಲೆಯ ಮೇಲೆ ತೀರ್ಪು ಕೊಡುವ ಮೊದಲು ಒಂದು ಕ್ಷಣ ಆ ಹಿತ್ತಲನ್ನು ನೆನೆದರೆ ಸಾಕು.

ಕಾಫಿ ಆರುತ್ತಿದೆ.