ತಾಯಂದಿರ ಸಾವು: ವಿಧಿಯೋ, ನಮ್ಮ ವಿಳಂಬವೋ?

(ಶಿವಾಜಿನಗರದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇದೇ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಇದೆ. ದಂಡು ಪ್ರದೇಶದ ಎಷ್ಟೋ ಕುಟುಂಬಗಳ ಮೂರು ನಾಲ್ಕು ತಲೆಮಾರುಗಳು ಕಣ್ಣು ತೆರೆದುದು ಅಲ್ಲಿಯೇ. 'ಗೋಷಾ' ಎಂಬುದು ಫಾರ್ಸಿ ಪದ. ಮೂಲೆ, ಏಕಾಂತ ಎಂದು ಅದರ ಅರ್ಥ. ನಮ್ಮಲ್ಲಿ ಅದು ಪರ್ದಾ ಎಂಬರ್ಥದಲ್ಲಿ ಬಳಕೆಯಾಗಿದೆ. ಪುರುಷ ವೈದ್ಯರ ಮುಂದೆ ಬರಲು ಹಿಂಜರಿಯುತ್ತಿದ್ದ ಮಹಿಳೆಯರಿಗೂ ಚಿಕಿತ್ಸೆ ದೊರೆಯಬೇಕೆಂದು ಕಚ್ಛಿ ಮೇಮನ್ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠ್ (1859-1934) 1920ರ ದಶಕದಲ್ಲಿ ಅದನ್ನು ಕಟ್ಟಿಸಿದರು. ಆಸ್ಪತ್ರೆ ಇಂದಿಗೂ ಅವರದೇ ಹೆಸರನ್ನು ಹೊತ್ತಿದೆ.

ಇದರೊಂದಿಗೆ ಇನ್ನೊಂದು ಕಟ್ಟಡವನ್ನೂ ನೆನಪಿಸಿಕೊಳ್ಳೋಣ. ತಾಜ್‌ಮಹಲನ್ನು ನಾವು ಪ್ರೇಮದ ಸ್ಮಾರಕವೆಂದು ಕರೆಯುತ್ತೇವೆ. ಅಲ್ಲಿ ಮಲಗಿರುವಾಕೆ ಹೇಗೆ ಮೃತಪಟ್ಟಳೆಂದು ಕೇಳುವುದು ಕಡಿಮೆ. ಮುಮ್ತಾಝ್ ಮಹಲ್ 1631ರ ಜೂನ್ ತಿಂಗಳಲ್ಲಿ ಬುರ್ಹಾನ್‌ಪುರದಲ್ಲಿ ತನ್ನ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡಳು. ಆಗ ಆಕೆಯ ವಯಸ್ಸು 38. ಸಾಮ್ರಾಟನ ಪತ್ನಿಗೂ ಆ ಕಾಲದಲ್ಲಿ ರಕ್ಷಣೆಯಿರಲಿಲ್ಲ. ಚಕ್ರವರ್ತಿ ಮರಣದ ಬಳಿಕ ಅಮೃತಶಿಲೆಯ ಗೋರಿ ಕಟ್ಟಿದ. ನಮ್ಮ ದಂಡಿನ ವರ್ತಕರು ಮರಣಕ್ಕೆ ಮುಂಚೆಯೇ ಬಾಗಿಲು ತೆರೆಯುವ ಆಸ್ಪತ್ರೆ ಕಟ್ಟಿದರು. ತಾಯಿಯ ಮೇಲಿನ ಪ್ರೀತಿಯನ್ನು ನಾವು ಯಾವ ರೀತಿಯಲ್ಲಿ ತೋರಿಸುತ್ತಿದ್ದೇವೆ ಎಂಬುದೇ ಇಂದಿನ ಪ್ರಶ್ನೆ.

ನಮ್ಮ ಸಣ್ಣ ಪಟ್ಟಣಗಳ ಗೃಹಿಣಿಯನ್ನು ನಾವೆಲ್ಲರೂ ಬಲ್ಲೆವು. ಫಜ್ರ್‌ಗೆ ಮುಂಚೆ ಏಳುವವಳು ಅವಳೇ, ರಾತ್ರಿ ಕೊನೆಗೆ ಮಲಗುವವಳೂ ಅವಳೇ. ಗಂಡ, ಮಾವ, ಮಕ್ಕಳು ಉಂಡ ನಂತರ ಪಾತ್ರೆಯಲ್ಲಿ ಉಳಿದುದು ಅವಳ ಪಾಲು. ತಲೆ ಸುತ್ತಿದರೆ ಕೆಲಸ ಮುಗಿಸಿ ಕುಳಿತುಕೊಳ್ಳುತ್ತಾಳೆ. ಅವಳು ತೀರಿಕೊಂಡ ದಿನ "ಒಂದು ದಿನವೂ ಎದುರಾಡಿದವಳಲ್ಲ, ನೋವನ್ನು ಹೇಳಿಕೊಂಡವಳಲ್ಲ" ಎಂದು ಊರೆಲ್ಲ ಹೊಗಳುತ್ತದೆ. ನೋವನ್ನು ಹೇಳಿಕೊಳ್ಳದಿದ್ದುದೇ ಅವಳ ಸಾವಿಗೆ ಕಾರಣವಾಗಿರಬಹುದೆಂದು ಯಾರಿಗೂ ತೋಚುವುದಿಲ್ಲ.

ಪರಿಸ್ಥಿತಿ ಸುಧಾರಿಸಿಲ್ಲವೆಂದು ನಾವು ಹೇಳುತ್ತಿಲ್ಲ. ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಅದು 69ಕ್ಕೆ ಇಳಿಯಿತು. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದ ಸಂಖ್ಯೆ 19. ಅಲ್ಲಿಯ ತಾಯಿ ಬದುಕುವಾಗ ಇಲ್ಲಿಯ ತಾಯಿ ಸಾಯುವುದಾದರೆ ಅದನ್ನು ವಿಧಿಯೆಂದು ಕೈತೊಳೆದುಕೊಳ್ಳಲು ಸಾಧ್ಯವೇ?

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೆ ಅದೇ ಸಮೀಕ್ಷೆಯಂತೆ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಆಸ್ಪತ್ರೆಯ ಬಾಗಿಲು ತೆರೆದಿದೆ, ಒಳಗೆ ಹೋಗುವವಳ ಮೈಯಲ್ಲಿ ರಕ್ತವಿಲ್ಲ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಎರಡು ಗಂಟೆಗಳೊಳಗೆ ಪ್ರಾಣ ತೆಗೆಯಬಲ್ಲುದು. ಮೊದಲೇ ರಕ್ತ ಕಡಿಮೆಯಿರುವವಳಿಗೆ ಅಷ್ಟು ಅವಕಾಶವೂ ಇರುವುದಿಲ್ಲ.

ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆಯೆಂದು ತಜ್ಞರು ಹೇಳುತ್ತಾರೆ.

ಮೊದಲನೆಯದು, ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದರಲ್ಲಿ ಆಗುವ ವಿಳಂಬ. ಇದು ನಡೆಯುವುದು ನಮ್ಮ ಮನೆಯೊಳಗೆ. ಗಂಡ ಗಲ್ಫ್‌ನಲ್ಲಿದ್ದಾನೆ, ಫೋನು ಸಿಗುತ್ತಿಲ್ಲ. ಅತ್ತೆ "ನಾವು ಹೆತ್ತಿಲ್ಲವೇ?" ಎನ್ನುತ್ತಾರೆ. ವಯಸ್ಕ ಮಹಿಳೆಯ ಚಿಕಿತ್ಸೆಗೆ ಆಕೆಯ ಒಪ್ಪಿಗೆಯೇ ಕಾನೂನಿನ ದೃಷ್ಟಿಯಲ್ಲಿ ಸಾಕು. ಆದರೆ ಆಕೆಯ ದೇಹದ ಬಗ್ಗೆ ಆಕೆಯೊಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ತೀರ್ಮಾನಿಸುತ್ತಾರೆ.

ಎರಡನೆಯದು, ದಾರಿಯ ವಿಳಂಬ. ಕೋಲಾರ, ಚಿಂತಾಮಣಿಯ ಕಡೆಯಿಂದ ಹೊರಟ ವಾಹನ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ, ಹಲಸೂರು ದಾಟಿ ಶಿವಾಜಿನಗರ ಮುಟ್ಟುವುದು ಎಷ್ಟು ಹೊತ್ತಿಗೆಂದು ಈ ರಸ್ತೆಯಲ್ಲಿ ಓಡಾಡುವ ನಿಮಗೆ ನಾವು ವಿವರಿಸಬೇಕಾಗಿಲ್ಲ. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. ಆದರೆ ಮನೆಯವರು ಕರೆ ಮಾಡುವುದೇ ಕೊನೆಯ ಗಳಿಗೆಯಲ್ಲಾದರೆ ಚಾಲಕನೇನು ಮಾಡಬಲ್ಲ?

ಮೂರನೆಯದು, ಆಸ್ಪತ್ರೆ ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ದೊರೆಯುವುದರಲ್ಲಿನ ವಿಳಂಬ ಮತ್ತು ಲೋಪ. ಇಲ್ಲಿ ಸರಕಾರವು ಉತ್ತರಿಸಬೇಕಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ತಾಯಂದಿರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟರು. ಕೊನೆಯವರು ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಮಾಡಬೇಕಾದುದನ್ನೆಲ್ಲ ಮಾಡಿದ್ದರು. ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಬಂದಿದ್ದರು, ವೈದ್ಯರನ್ನು ನಂಬಿದ್ದರು. ರಕ್ತನಾಳಕ್ಕೆ ಹರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು. ಸರಕಾರ ಅದರ ಬಳಕೆಯನ್ನು ತಡೆಯಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು, ಸಾವುಗಳ ಪರಿಶೀಲನೆಗೆ ಆದೇಶಿಸಿತು. ಆ ವರ್ಷ ಎಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ತಾಯಂದಿರ ಸಾವುಗಳಲ್ಲಿ ಶೇ. 70ಕ್ಕೂ ಹೆಚ್ಚಿನವನ್ನು ತಡೆಯಬಹುದಿತ್ತೆಂದು ಆ ಪರಿಶೀಲನೆ ಕಂಡುಕೊಂಡಿತು.

ತಡೆಯಬಹುದಿತ್ತು! ಈ ಒಂದು ಪದದ ಭಾರವನ್ನು ಯೋಚಿಸಿರಿ. ಪರಿಹಾರಧನದಿಂದ ಹಸುಗೂಸಿಗೆ ತಾಯಿಯ ಮಡಿಲು ಮರಳುವುದಿಲ್ಲ. ಬಳ್ಳಾರಿಯ ಸಾವುಗಳು ಕೆಲವು ದಿನ ರಾಜಕೀಯದ ಆಯುಧವಾದವು. ಒಬ್ಬರು ರಾಜೀನಾಮೆ ಕೇಳಿದರು, ಇನ್ನೊಬ್ಬರು ಹಿಂದಿನ ಸರಕಾರದತ್ತ ಬೆರಳು ತೋರಿಸಿದರು. ಔಷಧ ಖರೀದಿ ಮತ್ತು ಪರೀಕ್ಷೆಯ ವ್ಯವಸ್ಥೆಯನ್ನು ಪ್ರಶ್ನಿಸುವ ಕೆಲಸ ಸದನದ ಗದ್ದಲದೊಂದಿಗೆ ಮುಗಿಯಬಾರದು. ಆ ತಾಯಂದಿರಲ್ಲಿ ಹಿಂದೂ ಯಾರು, ಮುಸ್ಲಿಮ್ ಯಾರು ಎಂದು ನಾವು ವಿಂಗಡಿಸುವುದೂ ಬೇಡ. ಸರಕಾರಿ ವಾರ್ಡಿನ ಮಂಚದ ಮೇಲೆ ಬಡವರ ಮಗಳು ಎಂಬ ಒಂದೇ ಗುರುತಿದೆ.

ಸಹೋದರರೇ, ಹೆರಿಗೆಯಲ್ಲಿ ಮೃತಳಾದವಳಿಗೆ ಹುತಾತ್ಮರ ಸ್ಥಾನವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಇದು ಅಗಲಿದವಳಿಗೆ ಗೌರವ, ಮನೆಯವರಿಗೆ ಸಾಂತ್ವನ. ನಮ್ಮ ಅಲಕ್ಷ್ಯಕ್ಕೆ ಇದು ಕ್ಷಮಾಪತ್ರವಲ್ಲ. ಗರ್ಭಿಣಿಗೆ ತೊಂದರೆಯಾಗುವುದಾದರೆ ರಮಝಾನಿನ ಉಪವಾಸವನ್ನೇ ಮುಂದೂಡಲು ಅನುಮತಿಸಿದ ಧರ್ಮ ನಮ್ಮದು. ಫರ್ಝ್ ಆದ ಉಪವಾಸಕ್ಕೇ ಅವಳ ವಿಷಯದಲ್ಲಿ ರಿಯಾಯಿತಿ ಇರುವಾಗ ಅವಳ ಮೇಲೆ ಹೊರಿಸಿದ ಮನೆಗೆಲಸಕ್ಕೆ ರಿಯಾಯಿತಿ ಇಲ್ಲವೇ?

ನಾವು ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಗರ್ಭಿಣಿ ಮೊದಲು ಉಣ್ಣಲಿ. ತಾಯಿ ಕಾರ್ಡ್ ಮಾಡಿಸಿ, ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗಿದಳೇ ಎಂದು ಗಂಡನೇ ವಿಚಾರಿಸಲಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ರಕ್ತಸ್ರಾವ, ಜ್ವರ, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿರಿ. ಗಂಡ ಪರದೇಶದಲ್ಲಿದ್ದರೆ "ನನ್ನನ್ನು ಕೇಳುವುದಕ್ಕಾಗಿ ಕಾಯಬೇಡಿ" ಎಂದು ಮೊದಲೇ ಮನೆಯವರಿಗೆ ಹೇಳಿಡಲಿ. ಮುಂದಿನ ಗರ್ಭಧಾರಣೆಗೆ ಎಷ್ಟು ಅಂತರವಿರಬೇಕೆಂದು ದಂಪತಿಗಳು ವೈದ್ಯೆಯೊಂದಿಗೆ ಮಾತಾಡಲಿ. ಪ್ರತಿಯೊಂದು ಮಸೀದಿಯ ಜಮಾಅತ್ ತನ್ನ ಯುವಕರ ರಕ್ತದ ಗುಂಪಿನ ಪಟ್ಟಿಯೊಂದನ್ನು ಇಟ್ಟುಕೊಳ್ಳಲಿ. ಮದುವೆ ಮಂಟಪದ ಅಲಂಕಾರಕ್ಕೆ ಲಕ್ಷ ಸುರಿಯುವ ಸಮುದಾಯಕ್ಕೆ ಒಂದು ನೋಟ್‌ಬುಕ್ ಭಾರವಾಗದು. ಮಹಿಳಾ ವೈದ್ಯರೇ ಬೇಕೆನ್ನುವ ನಾವು ನಮ್ಮ ಹೆಣ್ಣುಮಕ್ಕಳನ್ನು ವೈದ್ಯರನ್ನಾಗಿ, ನರ್ಸ್‌ಗಳನ್ನಾಗಿ ಓದಿಸೋಣ.

ಇಸ್ಮಾಯಿಲ್ ಸೇಠರು ಕಟ್ಟಡವೊಂದನ್ನು ಕೊಟ್ಟು ತಮ್ಮ ಪಾಲಿನ ಕೆಲಸ ಮಾಡಿ ಹೋದರು. ಮನೆಯಿಂದ ಆ ಬಾಗಿಲವರೆಗಿನ ದಾರಿ ನಮ್ಮದು. ಇಂದು ಮನೆಗೆ ಮರಳಿದ ಮೇಲೆ ಮಡದಿಯನ್ನು, ಸೊಸೆಯನ್ನು, ಮಗಳನ್ನು ಒಂದು ಮಾತು ಕೇಳೋಣ: "ನೀನು ಉಂಡೆಯಾ? ನಿನ್ನ ಆರೋಗ್ಯ ಹೇಗಿದೆ?" ಉತ್ತರವನ್ನು ಪೂರ್ತಿ ಕೇಳುವಷ್ಟು ಹೊತ್ತು ಅವಳ ಬಳಿ ಕುಳಿತುಕೊಳ್ಳೋಣ.

ಅಗಲಿದ ತಾಯಂದಿರಿಗೆ ಅಲ್ಲಾಹನು ಕರುಣೆ ತೋರಲಿ, ಬದುಕಿರುವವರ ಹಕ್ಕನ್ನು ಸಲ್ಲಿಸುವ ಸದ್ಬುದ್ಧಿಯನ್ನು ನಮಗೆ ದಯಪಾಲಿಸಲಿ. ಆಮೀನ್.